ಟೀಕೆ, ಸಂಪಾದನೆ, ಭಾವಾರ್ಥ
ವಚನಗಳ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳಿದ ಪರಂಪರೆ

ಓದಿದ ಗ್ರಂಥದ ಅಭಿಪ್ರಾಯವನ್ನು ಗ್ರಂಥವನ್ನು ನೋಡದೆ ತನ್ನ ಮಾತಿನಲ್ಲಿ ಹೇಳಬಲ್ಲವನೇ ಅದನ್ನು ತಿಳಿದವನು. ಕಂಠಪಾಠವು ನೆನಪಿನ ಬಲವನ್ನು ತೋರಿಸೀತೇ ಹೊರತು ತಿಳಿವಿನ ಆಳವನ್ನು ತೋರಿಸಲಾರದು. ಇಂದು ಶಾಲಾ ಕಾಲೇಜುಗಳಲ್ಲಿ ಭಾವಾರ್ಥ, ಸಾರಾಂಶ ಎಂಬ ಹೆಸರಿನಲ್ಲಿ ನಡೆಯುವ ಈ ಅಭ್ಯಾಸಕ್ಕೆ ವೀರಶೈವ ವಾಙ್ಮಯದಲ್ಲಿ ಐದಾರು ಶತಮಾನಗಳ ಇತಿಹಾಸವಿದೆ. ಮೂಲದ ಮಾತಿಗೆ ಭಂಗ ಬಾರದಂತೆ ತನ್ನ ಮಾತನ್ನು ಆಡುವುದು ಹೇಗೆಂಬ ಪ್ರಶ್ನೆಯನ್ನು ನಮ್ಮ ಟೀಕಾಕಾರರೂ ಸಂಪಾದನಕಾರರೂ ಎದುರಿಸಿದ್ದರು.

ಹನ್ನೆರಡನೆಯ ಶತಮಾನದ ಶರಣರ ವಚನಗಳು ಅಂದಿನ ಜನರು ಆಡುವ ಮಾತಿಗೆ ಸಮೀಪವಾಗಿದ್ದವು. ಕಲ್ಯಾಣದ ವಿಪ್ಲವದ ನಂತರ ಶರಣರು ನಾನಾ ಕಡೆಗೆ ಚದುರಿದರು. ವಚನಗಳ ಓಲೆಗಳೂ ಚದುರಿದವು. ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ (1424–1446) ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳು ಸಂದಿದ್ದವು. ಕನ್ನಡದ ರೂಪವೂ ಮಾರ್ಪಟ್ಟಿತ್ತು. ಅನುಭವಮಂಟಪದ ಗೋಷ್ಠಿಯಲ್ಲಿ ಕುಳಿತವರಿಗೆ ವಿವರಣೆಯಿಲ್ಲದೆ ತಿಳಿಯುತ್ತಿದ್ದ ಮಾತು, ಹೊಸದಾಗಿ ಬಂದ ಸಾಧಕನಿಗೆ ಒಗಟಾಗಿ ತೋರುತ್ತಿತ್ತು. ಬೆಡಗಿನ ವಚನಗಳ ಪಾಡಂತೂ ಹೇಳಬೇಕಾದುದಿಲ್ಲ. ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥವರ ಆಶ್ರಯದಲ್ಲಿಯೂ ನೂರೊಂದು ವಿರಕ್ತರ ಪರಂಪರೆಯಲ್ಲಿಯೂ ವಚನಗಳ ಸಂಗ್ರಹ, ವಿಂಗಡಣೆ, ಟೀಕೆಗಳ ಕಾರ್ಯ ನಡೆದುದು ಈ ಅಗತ್ಯದಿಂದಲೇ.

ಕಲ್ಲುಮಠದ ಪ್ರಭುದೇವ, ಮಹಲಿಂಗದೇವ ಮೊದಲಾದವರ ಟೀಕೆಗಳಲ್ಲಿ ಮೊದಲು ಗಮನಕ್ಕೆ ಬರುವುದು ಅವುಗಳ ಕ್ರಮ. ಮೂಲ ವಚನವು ಅಂಕಿತದೊಡನೆ ಮೊದಲು ನಿಲ್ಲುತ್ತದೆ. ಟೀಕೆ ಅನಂತರ ಬರುತ್ತದೆ. ಯಾವುದು ಶರಣರ ಮಾತು, ಯಾವುದು ಟೀಕಾಕಾರನ ಮಾತು ಎಂಬಲ್ಲಿ ಓದುವವನಿಗೆ ಗೊಂದಲವಿಲ್ಲ. ಬೆಡಗಿನಲ್ಲಿ ಬರುವ ವೃಕ್ಷಕ್ಕೆ ಶರೀರವೆಂದೂ ಮರ್ಕಟಕ್ಕೆ ಮನಸ್ಸೆಂದೂ ಅರ್ಥ ಹೇಳಿದ ಮಾತ್ರಕ್ಕೆ ಟೀಕೆ ಮುಗಿಯುವುದಿಲ್ಲ. ಬಿಡಿಬಿಡಿಯಾದ ಅರ್ಥಗಳನ್ನು ಕೂಡಿಸಿ, ಸಾಧಕನ ಯಾವ ಅವಸ್ಥೆಯನ್ನು ಕುರಿತು, ಯಾವ ಸ್ಥಲದಲ್ಲಿ ನಿಂತು ಈ ಮಾತನ್ನು ಆಡಿದೆ ಎಂಬುದನ್ನು ನಿರ್ಣಯಿಸಬೇಕು. ಹೀಗೆ ಪದದ ಅರ್ಥದಿಂದ ವಾಕ್ಯದ ಅರ್ಥಕ್ಕೆ, ಅಲ್ಲಿಂದ ಇಡೀ ವಚನದ ತಾತ್ಪರ್ಯಕ್ಕೆ ಏರುವುದು ಅವರ ಮಾರ್ಗ.

ಇದಕ್ಕಿಂತ ಹಿರಿದಾದ ಪ್ರಯೋಗ ಶೂನ್ಯಸಂಪಾದನೆಯದು. ಶಿವಗಣಪ್ರಸಾದಿ ಮಹಾದೇವಯ್ಯನು ಹದಿನೈದನೆಯ ಶತಮಾನದಲ್ಲಿ, ಬೇರೆ ಬೇರೆ ಶರಣರ ವಚನಗಳನ್ನು ಆಯ್ದು, ಪ್ರಭುದೇವರನ್ನು ನಡುವಿಟ್ಟುಕೊಂಡು ಸಂವಾದರೂಪಕ್ಕೆ ತಂದನು. ವಚನಗಳ ನಡುವೆ, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನು ತಿಳಿಸುವ ಗದ್ಯ ಸಂಪಾದಕನದು. ವಚನಗಳಾದರೋ ತಮ್ಮ ತಮ್ಮ ಅಂಕಿತದೊಡನೆ ಹಾಗೆಯೇ ಉಳಿದಿವೆ. ಸಾರವನ್ನು ಹೇಳುವವನು ಆಯ್ಕೆ ಮಾಡಲೇಬೇಕು. ಆಯ್ಕೆಯಲ್ಲಿಯೇ ಅವನ ಅಭಿಪ್ರಾಯವೂ ಅಡಗಿರುತ್ತದೆ. ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರ ಸಿದ್ಧವೀರಣ್ಣೊಡೆಯ ಇವರು ಅದೇ ಕಾರ್ಯವನ್ನು ಮತ್ತೆ ಕೈಗೊಂಡುದು ಇದಕ್ಕೆ ಸಾಕ್ಷಿ. ಸಿದ್ಧರಾಮಯ್ಯನ ಇಷ್ಟಲಿಂಗದೀಕ್ಷೆಯ ಪ್ರಸಂಗವು ಮಹಾದೇವಯ್ಯನ ಸಂಪಾದನೆಯಲ್ಲಿಲ್ಲ. ಅನಂತರದ ಸಂಪಾದನೆಗಳಲ್ಲಿ ಅದು ಸೇರಿತು. ಸಾಮಗ್ರಿ ಬಹುಮಟ್ಟಿಗೆ ಒಂದೇ ಆದರೂ ಅದನ್ನು ಕಂಡ ಬಗೆ ಬೇರೆಯಾಯಿತು.

ಟೀಕೆಗಳಿಗೂ ಮಿತಿಯುಂಟು. ಒಂದೇ ಬೆಡಗಿನ ವಚನಕ್ಕೆ ಭಿನ್ನ ಭಿನ್ನ ಅರ್ಥ ಹೇಳಿರುವುದನ್ನು ಕಾಣುತ್ತೇವೆ. ಸರಳವಾದ ಮಾತಿನ ಮೇಲೆಯೂ ಷಟ್‌ಸ್ಥಲದ ಪರಿಭಾಷೆಯನ್ನೆಲ್ಲ ಹೇರಿ, ಮೂಲಕ್ಕಿಂತ ಟೀಕೆಯೇ ಕಠಿಣವಾದ ಸಂದರ್ಭಗಳೂ ಇವೆ. ಆದರೂ ಮೂಲವು ಪಕ್ಕದಲ್ಲಿಯೇ ಇರುವುದರಿಂದ, ಟೀಕಾಕಾರನು ಎಲ್ಲಿ ಹೆಚ್ಚು ಹೇಳಿದ, ಎಲ್ಲಿ ಕಡಮೆ ಹೇಳಿದ ಎಂಬುದನ್ನು ಓದುವವನು ತಾನೇ ಒರೆಗೆ ಹಚ್ಚಿ ನೋಡಬಲ್ಲನು.

ಮುದ್ರಣಯುಗದಲ್ಲಿ ಈ ಹೊಣೆಯನ್ನು ಹೊತ್ತವರು ವಿಜಾಪುರದ ಫ. ಗು. ಹಳಕಟ್ಟಿಯವರು (1880–1964). 1923ರಲ್ಲಿ ಪ್ರಕಟವಾದ ಅವರ ‘ವಚನಶಾಸ್ತ್ರಸಾರ’ದ ಹೆಸರೇ ಅವರ ಉದ್ದೇಶವನ್ನು ಸಾರುತ್ತದೆ. ಹಳೆಯ ಓಲೆಗಳಲ್ಲಿ ಹುದುಗಿದ್ದ ವಚನಗಳನ್ನು ವಿಷಯಾನುಸಾರವಾಗಿ ಅಣಿಗೊಳಿಸಿ, ವಚನಗಳಲ್ಲಿ ಒಂದು ಸುಸಂಬದ್ಧವಾದ ವಿಚಾರವಿದೆಯೆಂಬುದನ್ನು ತೋರಿಸಿಕೊಟ್ಟರು. 1926ರಲ್ಲಿ ಆರಂಭಿಸಿದ ‘ಶಿವಾನುಭವ’ ಪತ್ರಿಕೆಯ ಮೂಲಕವೂ ಈ ಕಾರ್ಯವನ್ನು ಮುಂದುವರಿಸಿದರು.

ಈ ಪರಂಪರೆಯ ಬೆಳಕಿನಲ್ಲಿ ಇಂದಿನ ಅಭ್ಯಾಸವನ್ನು ನೋಡಿದರೆ ಕೊರತೆ ಎಲ್ಲಿದೆಯೆಂಬುದು ತಿಳಿಯುತ್ತದೆ. ದೇಹವನ್ನೇ ದೇಗುಲವಾಗಿ ಕಾಣುವ ಬಸವಣ್ಣನವರ ಪ್ರಸಿದ್ಧ ವಚನಕ್ಕೆ ಭಾವಾರ್ಥ ಬರೆಯುವ ವಿದ್ಯಾರ್ಥಿಯು ಅನೇಕ ವೇಳೆ ಪದಕ್ಕೆ ಪ್ರತಿಪದವನ್ನಿಟ್ಟು ಸಾಗುತ್ತಾನೆ. ಉಳ್ಳವರೆಂಬುದಕ್ಕೆ ಶ್ರೀಮಂತರು, ಶಿವಾಲಯವೆಂಬುದಕ್ಕೆ ದೇವಸ್ಥಾನ, ಸ್ಥಾವರವೆಂಬುದಕ್ಕೆ ಕಟ್ಟಡ. ವಾಕ್ಯಗಳ ಕಟ್ಟು ಬಸವಣ್ಣನವರದೇ, ಬದಲಾದುದು ಪದಗಳು ಮಾತ್ರ. ತಿಳಿವು ಎಲ್ಲಿಯೂ ಕಾಣುವುದಿಲ್ಲ. ಇಷ್ಟಲ್ಲದೆ, ಸ್ಥಾವರವನ್ನು ಕಟ್ಟಡವೆಂದೊಡನೆ ವಚನದ ತಿರುಳೇ ಜಾರಿಹೋಗುತ್ತದೆ. ಅಲ್ಲಿ ಸ್ಥಾವರವೆಂದರೆ ನಿಂತುಹೋದುದೆಲ್ಲವೂ. ಅದಕ್ಕೆ ಎದುರಾಗಿ ನಿಂತ ಜಂಗಮವು ನಡೆದಾಡುವ ಚೈತನ್ಯ. ಲಿಂಗ, ಜಂಗಮ, ಪ್ರಸಾದ, ದಾಸೋಹ ಮೊದಲಾದ ಪಾರಿಭಾಷಿಕ ಪದಗಳಿಗೆ ಬದಲಿಪದವಿಲ್ಲ. ಅವನ್ನು ಹಾಗೆಯೇ ಉಳಿಸಿಕೊಂಡು ವಿವರಿಸಬೇಕು. ಯಾವ ಮಾತನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಕವೇ ಈ ಅಭ್ಯಾಸದ ಅರ್ಧಭಾಗ.

ಆ ವಚನದ ಅಭಿಪ್ರಾಯವನ್ನು ಹೀಗೆ ಹೇಳಬಹುದು: ಧನದಿಂದ ಮಾಡಬಹುದಾದ ಪೂಜೆಯು ಧನವುಳ್ಳವರಿಗೆ ಮೀಸಲಾಗುತ್ತದೆ, ದೇಹವೇ ದೇಗುಲವಾದಾಗ ಬಡವನಿಗೂ ಆ ಅಧಿಕಾರ ದೊರೆಯುತ್ತದೆ, ಮೇಲಾಗಿ, ಕಟ್ಟಿದ್ದು ಒಂದು ದಿನ ಕೆಡುವುದು, ಚೈತನ್ಯವು ಕೆಡದು. ಇಲ್ಲಿ ಮೂಲದ ಉಪಮೆಗಳು ಮರೆಯಾಗಿವೆ, ವಾದದ ಕ್ರಮ ಉಳಿದಿದೆ. ಸಾರಾಂಶವು ಇದಕ್ಕಿಂತಲೂ ಚಿಕ್ಕದು, ಒಂದೇ ವಾಕ್ಯಕ್ಕೆ ಇಳಿಯಬಹುದು. ಭಾವಾರ್ಥದಲ್ಲಿ ವಾದದ ಹಂತಗಳೆಲ್ಲವೂ ಇರಬೇಕು. ಸಾರಾಂಶದಲ್ಲಿ ಅದರ ನಿರ್ಣಯವಿದ್ದರೆ ಸಾಕು.

ಅಭ್ಯಾಸಿಗಳು ಮೂಲವನ್ನು ಎರಡು ಮೂರು ಸಲ ಬಾಯಿಬಿಟ್ಟು ಓದಿ, ಪುಸ್ತಕವನ್ನು ಮುಚ್ಚಿ, ಎದುರಿಗೆ ಕುಳಿತವರಿಗೆ ಹೇಳುವಂತೆ ಹೇಳಿಕೊಂಡು, ಆಮೇಲೆ ಬರೆಯುವುದು ಒಳ್ಳೆಯದು. ಬರೆದುದನ್ನು ಮತ್ತೆ ಮೂಲದ ಪಕ್ಕದಲ್ಲಿಟ್ಟು, ಇಲ್ಲದುದನ್ನು ಸೇರಿಸಿದೆಯೇ, ಇದ್ದುದನ್ನು ಕಳೆದಿದೆಯೇ ಎಂದು ನೋಡಬೇಕು. ಯಾರ ಮಾತೆಂಬುದನ್ನು ಹೇಳದೆ ಬಿಡಬಾರದು. ಶರಣರ ಅಂಕಿತವನ್ನು ಅಳಿಸದೆ ಕಾಯ್ದುಕೊಂಡು ಬಂದ ಟೀಕಾಕಾರರು ಬಿಟ್ಟುಹೋದ ಮರ್ಯಾದೆ ಇದೇ. ಅಂಥ ಓದು ಪರೀಕ್ಷೆಗೆ ಒದಗುವುದಲ್ಲದೆ, ವಚನವು ಓದಿದವನ ಬಾಳಿಗೆ ಇಳಿಯಲು ಮೊದಲ ಮೆಟ್ಟಿಲಾಗುತ್ತದೆ.