ಸೈನೈಡ್ ದಿಬ್ಬಗಳ ಬಾಕಿ

ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರುವರಿ 28ರಂದು. ಅಷ್ಟರಲ್ಲಿ ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಆ ನೆಲ ಬಿಟ್ಟು ಹೋಗಿತ್ತು. ಹಿಂದೆ ಉಳಿದದ್ದು ಮರಳು. ಗಣಿಯ ಊರಾದ ಕೆಜಿಎಫ್‌ನ ಬಡಾವಣೆಗಳ ಮಗ್ಗುಲಲ್ಲೇ 13 ರಾಶಿಗಳಾಗಿ, ಸಾವಿರ ಎಕರೆಗೂ ಮಿಕ್ಕಿ ಹರಡಿಕೊಂಡಿರುವ ಆ ಮರಳನ್ನು ಊರವರು ಸೈನೈಡ್ ದಿಬ್ಬ ಎನ್ನುತ್ತಾರೆ. ತೂಕ ಸುಮಾರು 3.3 ಕೋಟಿ ಟನ್. ಗಾಳಿ ಎದ್ದರೆ ಅದರ ಧೂಳು ಗಣಿ ಕಾರ್ಮಿಕರ ಮನೆಗಳೊಳಗೆ ಬಂದು ಕೂರುತ್ತದೆ. ಮಳೆ ಹೊಡೆದರೆ ದಿಬ್ಬದ ಮೈ ಕೊರೆದುಕೊಂಡು ತಗ್ಗಿಗೆ ಇಳಿಯುತ್ತದೆ. ಈ ನೆಲವನ್ನು ಶುದ್ಧ ಮಾಡಿ ಮತ್ತೆ ಬಳಕೆಗೆ ತರುವ ಖರ್ಚನ್ನು ಸರ್ಕಾರವೇ, ಅದಕ್ಕೆಂದೇ ಮೀಸಲಿಟ್ಟ ಅನುದಾನದಿಂದ ಭರಿಸಬೇಕು ಎಂಬುದು ನನ್ನ ವಾದ. ಕರುಣೆಯ ಮಾತು ಇಲ್ಲಿ ಬೇಕಿಲ್ಲ. ಗಣಿಯ ಚರಿತ್ರೆಯನ್ನು ಓದಿದರೆ ಇದು ಸರ್ಕಾರ ಈವರೆಗೆ ತೀರಿಸದ ಬಾಕಿ ಎಂಬುದು ಸ್ಪಷ್ಟವಾಗುತ್ತದೆ.

ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟದ್ದು 1880ರಲ್ಲಿ. ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಜಗತ್ತಿನ ಚಿನ್ನದ ಗಣಿಗಳೆಲ್ಲ ಅದರ ಹಿಂದೆ ಹೋದವು, ಕೋಲಾರವೂ ಹೋಯಿತು. ಬಂಡೆಯನ್ನು ಹಿಟ್ಟಿನಂತೆ ಅರೆದು, ಸುಣ್ಣ ಸೇರಿಸಿ, ತೆಳುವಾದ ಸೈನೈಡ್ ದ್ರಾವಣ ಹಾಯಿಸಿದರೆ ಕಣ್ಣಿಗೆ ಕಾಣದ ಚಿನ್ನವೂ ಕರಗಿ ಬರುತ್ತದೆ. ಆ ದ್ರಾವಣಕ್ಕೆ ಸತುವು ಹಾಕಿದರೆ ಚಿನ್ನ ಬೇರೆಯಾಗುತ್ತದೆ. ಮಿಕ್ಕ ಕೆಸರು ಹೊರಗೆ. ಟನ್ನುಗಟ್ಟಲೆ ಬಂಡೆಗೆ ಗ್ರಾಂ ಲೆಕ್ಕದ ಚಿನ್ನ ಸಿಗುವ ಕಸುಬಿನಲ್ಲಿ ಒಳಕ್ಕೆ ಹೋದ ಬಂಡೆಯಷ್ಟೂ ಕೆಸರಾಗಿಯೇ ಹೊರಬೀಳುತ್ತದೆ. ಈ ಕಸುಬಿನಿಂದ ಮೈಸೂರು ಸಂಸ್ಥಾನ ರಾಜಧನ ಪಡೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಈ ಗಣಿಗಳಿಗೆ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. ಅಂದರೆ ಕೊನೆಯ 44 ವರ್ಷ ದಿಬ್ಬದ ಮೇಲೆ ದಿಬ್ಬ ಸುರಿದದ್ದು ಸರ್ಕಾರದ ಕೈಯೇ. ಗಣಿ ಮುಚ್ಚುವಾಗ ನೆಲವನ್ನು ಹೇಗೆ ಬಿಟ್ಟು ಹೋಗಬೇಕು, ಅದಕ್ಕೆ ಎಷ್ಟು ಹಣ ಮುಂಗಡವಾಗಿ ಇಡಬೇಕು ಎಂದು ನಮ್ಮ ಖನಿಜ ನಿಯಮಗಳು ಕಡ್ಡಾಯ ಮಾಡಿದ್ದು 2003ರಲ್ಲಿ. ಕೋಲಾರದ ಗಣಿ ಮುಚ್ಚಿ ಆಗ ಎರಡು ವರ್ಷ ಕಳೆದಿತ್ತು.

ಕಂಪನಿ ಮಾಡಿದ ಹೊಲಸಿಗೆ ತೆರಿಗೆದಾರ ಯಾಕೆ ದುಡ್ಡು ಕಟ್ಟಬೇಕು ಎಂಬ ಆಕ್ಷೇಪ ಸಣ್ಣದಲ್ಲ. ಹೊಲಸು ಮಾಡಿದವನೇ ತೆರಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲಿ ರಾಜಸ್ಥಾನದ ಬಿಛ್ರಿ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಆದರೆ ಕೆಜಿಎಫ್‌ನಲ್ಲಿ ಅದೇ ತತ್ವವನ್ನು ಹಿಡಿದು ಹೊರಟರೂ ಬಂದು ನಿಲ್ಲುವುದು ಸರ್ಕಾರದ ಬಾಗಿಲಲ್ಲೇ. ಲಂಡನ್ನಿನ ಷೇರುದಾರರ ಕಾಲ ಮುಗಿದಿದೆ. ಅವರಿಂದ ಗಣಿಗಳನ್ನು ಪಡೆದು ನಡೆಸಿದ್ದು ಸರ್ಕಾರ. ಅಮೆರಿಕ ಇದೇ ತೊಡಕನ್ನು 1980ರಲ್ಲಿ ಎದುರಿಸಿತು. ವಾರಸುದಾರರಿಲ್ಲದ ವಿಷದ ನೆಲಗಳಿಗಾಗಿ ಸೂಪರ್‌ಫಂಡ್ ಎಂಬ ನಿಧಿ ಕಟ್ಟಿ, ಅದಕ್ಕೆ ತೈಲ ಮತ್ತು ರಾಸಾಯನಿಕ ಉದ್ಯಮಗಳಿಂದ ತೆರಿಗೆ ಎತ್ತಿತು. 1995ರ ಕೊನೆಗೆ ಆ ತೆರಿಗೆಯ ಅವಧಿ ಮುಗಿದಾಗ ಭಾರ ಸಾಮಾನ್ಯ ಖಜಾನೆಯ ಮೇಲೆ ಬಿತ್ತು. ಆದರೂ 2002ರಲ್ಲಿ, ಪಾಳುಬಿದ್ದ ಕಾರ್ಖಾನೆ ಜಾಗಗಳನ್ನು ಶುದ್ಧಮಾಡಿ ಮರುಬಳಕೆ ಮಾಡಲು ಊರುಗಳಿಗೇ ಅನುದಾನ ಕೊಡುವ ಕಾನೂನನ್ನು ಆ ದೇಶ ಮಾಡಿತು.

ಅಷ್ಟು ದೂರ ಹೋಗುವುದೂ ಬೇಡ. ಬಳ್ಳಾರಿಯ ಕಬ್ಬಿಣದ ಅದಿರಿನ ಲೂಟಿಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ಎಸಗಿದ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಮತ್ತೆ ಅಗೆಯಲು ಒಪ್ಪಿಗೆ ಪಡೆದವರು ಕೆಡಿಸಿದ ನೆಲವನ್ನು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕೆಂದಿತು, ಅದಿರು ಮಾರಾಟದ ಒಂದು ಪಾಲನ್ನು ಪ್ರತ್ಯೇಕ ನಿಧಿಗೆ ಸೇರಿಸಿತು. ಆ ಹಣ ಬಳಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಸಿದ್ಧವಾಯಿತು. ಅದರ ಜಾರಿಗೆ ನ್ಯಾಯಾಲಯದ ಒಪ್ಪಿಗೆ ಸಿಗುವಾಗ 2022 ಬಂದಿತ್ತು. ಈ ವಿಳಂಬ ನೋವಿನದ್ದೇ. ಹಾಗಿದ್ದರೂ ಬಳ್ಳಾರಿಯ ಸಂಡೂರಿನ ಜನ ಇಂದು ಒಂದು ನಿಧಿಯ ಲೆಕ್ಕ ಕೇಳಬಲ್ಲರು. ಕೆಜಿಎಫ್‌ನವರಿಗೆ ಲೆಕ್ಕ ಕೇಳಲು ನಿಧಿಯೇ ಇಲ್ಲ. ನೆಲ ಕೆಡಿಸಿದ್ದಕ್ಕೆ ಹಣ ಎತ್ತಿಡಬಹುದು ಎಂದು ಇದೇ ರಾಜ್ಯದಲ್ಲಿ ಸಾಬೀತಾಗಿರುವಾಗ, ಕೋಲಾರದ ವಿಷಯದಲ್ಲಿ ಮಾತ್ರ ಕೈಚೆಲ್ಲುವುದಕ್ಕೆ ನನಗೆ ನ್ಯಾಯ ಕಾಣುವುದಿಲ್ಲ.

ಇನ್ನೊಂದು ವಾದ ಹೆಚ್ಚು ಆಕರ್ಷಕವಾದುದು: ದಿಬ್ಬದಲ್ಲಿ ಇನ್ನೂ ಚಿನ್ನವಿದೆ, ಅದೇ ತನ್ನ ಖರ್ಚು ತಾನೇ ಹುಟ್ಟಿಸಿಕೊಳ್ಳಲಿ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 13 ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ದುಡಿಮೆ ಹುಡುಕಿಕೊಂಡು ದಿನವೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಊರಿನಲ್ಲಿ ಆ ಸುದ್ದಿಯನ್ನು ಯಾರೂ ತಳ್ಳಿಹಾಕಲಾರರು, ನಾನೂ ತಳ್ಳಿಹಾಕುವುದಿಲ್ಲ. ಆದರೆ ಲೆಕ್ಕ ನೋಡಬೇಕು. 3.3 ಕೋಟಿ ಟನ್ ಮರಳಿನಿಂದ ಇದ್ದಬದ್ದ ಚಿನ್ನವನ್ನೆಲ್ಲ ಹಿಂಡಿ ತೆಗೆದರೂ ಕಡಿಮೆಯಾಗುವುದು ಕೆಲವು ಟನ್ ಮಾತ್ರ. ಅಷ್ಟೂ ಮರಳನ್ನು ಮತ್ತೆಲ್ಲೋ ಸುರಿಯಲೇಬೇಕು. ಎಲ್ಲಿ, ಯಾವ ಹಾಸಿನ ಮೇಲೆ, ಯಾವ ಹಸಿರಿನ ಕೆಳಗೆ ಎಂಬುದನ್ನು ಒಪ್ಪಂದದಲ್ಲಿ ಬರೆದು ಅದಕ್ಕೆ ಹಣ ಮೊದಲೇ ಕಟ್ಟಿಸಿಕೊಳ್ಳದಿದ್ದರೆ ಹಳೆಯ ದಿಬ್ಬ ಜಾಗ ಬದಲಿಸುತ್ತದೆ, ಅಷ್ಟೆ. ಮೇಲಾಗಿ ಚಿನ್ನದ ಬೆಲೆ ಇಳಿದ ದಿನ ಈ ಕೆಲಸ ನಡುವಿನಲ್ಲೇ ನಿಲ್ಲಬಹುದು. 2001ರಲ್ಲಿ ಗಣಿ ನಿಂತದ್ದು ನಷ್ಟದ ಲೆಕ್ಕದ ಮೇಲೆಯೇ ಎಂಬುದನ್ನು ಈ ಊರು ಮರೆತಿಲ್ಲ.

ಕಲುಷಿತ ನೆಲಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊಸ ನಿಯಮಗಳನ್ನು ಹೊರಡಿಸಿತು. ನೆಲ ಕೆಡಿಸಿದವನು ಸಿಗದಿದ್ದಾಗ ಅಥವಾ ಅವನಿಗೆ ಖರ್ಚು ಭರಿಸುವ ಶಕ್ತಿ ಇಲ್ಲದಿದ್ದಾಗ ಕೇಂದ್ರ, ರಾಜ್ಯಗಳೇ ಶುದ್ಧೀಕರಣದ ವೆಚ್ಚ ಹೊರಲು ಅವುಗಳಲ್ಲಿ ಅವಕಾಶವಿದೆ. ಇಷ್ಟು ವರ್ಷ ಇಲ್ಲದಿದ್ದ ದಾರಿ ಇದು. ಆದರೆ ಗಣಿಗಾರಿಕೆಯಿಂದ ಕೆಟ್ಟ ನೆಲವನ್ನು ಈ ನಿಯಮಗಳು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಬೇರೆ ವಿಷವಸ್ತು ಬೆರೆತು ಮಿತಿ ಮೀರಿದಾಗ ಮಾತ್ರ ಅವು ಅನ್ವಯಿಸುತ್ತವೆ. ಕೋಲಾರದ ಪರವಾಗಿ ಹಿಡಿಯಬೇಕಾದ ಎಳೆ ಇದೇ. ಸೈನೈಡ್ ಆ ಬಂಡೆಯಲ್ಲಿ ಹುಟ್ಟಿದ್ದಲ್ಲ. ಅದನ್ನು ಕೊಂಡು ತಂದು, ಗಿರಣಿಯಲ್ಲಿ ಬೆರೆಸಿ, ಹೊರಗೆ ಸುರಿದರು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಂದೊಂದು ದಿಬ್ಬದ ಮಣ್ಣು, ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರು ಪರೀಕ್ಷಿಸಿ, ಬಂದ ಅಂಕಿಗಳನ್ನು ಊರವರ ಮುಂದಿಡಬೇಕು. ಅನುದಾನದ ಅರ್ಜಿಗೆ ಮೊದಲ ಪುಟವಾಗಬೇಕಾದದ್ದು ಆ ಅಂಕಿಗಳೇ.