ಬಯಲುಸೀಮೆಗೆ ಬಂದ ಸೀ ಕಿಂಗ್

ಮಹಾಲಿಂಗಪುರಕ್ಕೆ ಕಡಲು ದೂರ. ಇಲ್ಲಿ ನೀರೆಂದರೆ ಘಟಪ್ರಭೆ, ಕಬ್ಬಿನ ಗದ್ದೆಯ ಕಾಲುವೆ, ಹುಡುಗರು ಈಸು ಕಲಿಯುವ ಬಾವಿ. ಆದರೂ ಇಲ್ಲಿಂದ ಮುಧೋಳ, ಜಮಖಂಡಿ, ಬನಹಟ್ಟಿವರೆಗೆ ಹಳೆಯ ಮನೆಗಳ ಟ್ರಂಕು ತೆಗೆಸಿದರೆ ಡಯಲಿನ ಮೇಲೆ ‘ಸೀ ಕಿಂಗ್’, ‘ಸೀ ಚೀಫ್’ ಎಂದು ಬರೆದ ವಾಚು ಸಿಗುವುದುಂಟು. ಫೇವರ್-ಲೂಬಾ ಕಂಪನಿಯ ವಾಚುಗಳಿವು. ನಮ್ಮ ಕಡೆ ಡೈವ್ ವಾಚು ಕೂಡಿಸುವ ಹವ್ಯಾಸದ ಚರಿತ್ರೆಯನ್ನು ಇವುಗಳಿಂದಲೇ ಶುರುಮಾಡಬೇಕು. ಆದರೆ ಇವು ಡೈವ್ ವಾಚುಗಳಲ್ಲ.

ನೀರು ತಡೆಯುವ ವಾಚು ಬೇರೆ, ನೀರಲ್ಲಿ ಮುಳುಗಿ ಕೆಲಸ ಮಾಡುವವನ ವಾಚು ಬೇರೆ. ಮೊದಲನೆಯದಕ್ಕೆ 1926ರ ರೋಲೆಕ್ಸ್ ಆಯ್‌ಸ್ಟರ್ ಹೆಸರಾಯಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಗೆ ಇಳಿದಳು. ಎರಡನೆಯದು ಹುಟ್ಟಿದ್ದು 1953ರಲ್ಲಿ, ಬ್ಲಾಂಪ್ಯಾ ಕಂಪನಿಯ ಫಿಫ್ಟಿ ಫ್ಯಾದಮ್ಸ್‌ನೊಂದಿಗೆ. ಹೆಸರು ಹೇಳುವಂತೆ ಐವತ್ತು ಮಾರು, ಅಂದರೆ ಸುಮಾರು 91 ಮೀಟರ್ ಆಳದ ಲೆಕ್ಕ. ಕಂಪನಿಯ ಮುಖ್ಯಸ್ಥ ಜಾನ್-ಜಾಕ್ ಫಿಶ್ಟರ್ ಸ್ವತಃ ಮುಳುಗುಗಾರ. ನೀರಿನಡಿ ಹೊತ್ತಿನ ಪರಿವೆ ತಪ್ಪಿ ಒಮ್ಮೆ ಅವರ ಉಸಿರಿನ ಗಾಳಿ ಮುಗಿಯಿತು. ಡಯಲಿನ ಸುತ್ತ ತಿರುಗುವ ಬಳೆಯ ಮಹತ್ವ ಇಲ್ಲಿಯೇ ಇದೆ: ಮುಳುಗುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿಟ್ಟರೆ ಕಳೆದ ನಿಮಿಷಗಳನ್ನು ಕೂಡಲೇ ಓದಬಹುದು. ರೋಲೆಕ್ಸ್ ಸಬ್‌ಮೆರಿನರ್ ಅದೇ ಕಾಲದ್ದು. 1957ರಲ್ಲಿ ಒಮೆಗಾ ಸೀಮಾಸ್ಟರ್ 300 ಬಂತು. 1965ರಲ್ಲಿ ಸೈಕೋ ಜಪಾನಿನ ಮೊದಲ ಡೈವ್ ವಾಚು ಹೊರತಂದಿತು, 150 ಮೀಟರ್ ಆಳಕ್ಕೆ.

ನಮಗೆ ಹತ್ತಿರದ ಕಥೆ ಫೇವರ್-ಲೂಬಾದ್ದು. 1737ರಷ್ಟು ಹಿಂದಕ್ಕೆ ಬೇರು ಹೇಳಿಕೊಳ್ಳುವ ಈ ಸ್ವಿಸ್ ಮನೆತನ 19ನೆಯ ಶತಮಾನದಲ್ಲೇ ಮುಂಬೈಗೆ ಬಂದು ನೆಲೆಯೂರಿತ್ತು. 1960ರ ದಶಕ ಇವರ ಸುಗ್ಗಿಯ ಕಾಲ. ಎರಡು ಸ್ಪ್ರಿಂಗ್ ಡಬ್ಬಿಗಳ ತೆಳು ಮಷಿನ್ ಮಾಡಿದರು, ಎತ್ತರ ಅಳೆಯುವ ಬಿವ್ವಾಕ್ ಮಾಡಿದರು, ಮುಳುಗುಗಾರರಿಗೆ ಡೀಪ್ ಬ್ಲೂ ಕೊಟ್ಟರು. 1968ರಲ್ಲಿ ಬಂದ ಬ್ಯಾತಿ ಎಲ್ಲಕ್ಕೂ ಮಿಗಿಲು: ನೀರಿನ ಒತ್ತಡಕ್ಕೆ ಒಳಗಿನ ಲೋಹದ ಪೊರೆ ಮಿಸುಕಿ, ಮುಳ್ಳು ಸರಿದು, 50 ಮೀಟರ್‌ವರೆಗಿನ ಆಳವನ್ನು ಡಯಲ್ ಮೇಲೆಯೇ ತೋರಿಸುತ್ತಿತ್ತು. ಬ್ಯಾಟರಿಯಿಲ್ಲ, ಬರೀ ಲೋಹದ ಬಾಗು. ಆ ದಶಕದ ವಾಚುಗಾರಿಕೆಯಲ್ಲಿ ನನಗೆ ಇದಕ್ಕಿಂತ ಧೈರ್ಯದ ಕೆಲಸ ಕಂಡಿಲ್ಲ. ಭಾರತದ ಪೇಟೆಗೆ ಹೆಚ್ಚಾಗಿ ಬಂದದ್ದು ಮಾತ್ರ ಸೀ ಕಿಂಗ್, ಸೀ ಚೀಫ್. ಹೆಸರಿನಲ್ಲಿ ಕಡಲು, ಕೆಲಸದಲ್ಲಿ ಕಚೇರಿ, ಮದುವೆ, ಸಂತೆ.

ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಬಿಗಿ ಹೆಚ್ಚಾಗಿ ವಿದೇಶಿ ವಾಚು ದುಬಾರಿಯಾಯಿತು, ಕಳ್ಳದಾರಿಯಲ್ಲೂ ಬಂತು. ಆ ಜಾಗ ತುಂಬಿದ್ದು ಎಚ್‌ಎಂಟಿ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ವಾಚು ಕಾರ್ಖಾನೆ ಶುರುವಾಯಿತು, ಮೊದಲ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ಈ ಸಿಟಿಜನ್ ಸಾಮಾನ್ಯ ಗುರುವಲ್ಲ. 1959ರಲ್ಲಿ ಪ್ಯಾರಾವಾಟರ್ ಎಂಬ ನೀರು ತಡೆಯುವ ವಾಚು ತಂದು, 1963ರಲ್ಲಿ ಅವನ್ನು ತೇಲುಬುರುಡೆಗಳಿಗೆ ಕಟ್ಟಿ ಪೆಸಿಫಿಕ್ ಸಾಗರಕ್ಕೆ ಬಿಟ್ಟು ಪರೀಕ್ಷಿಸಿದ ಕಂಪನಿ ಅದು. ಆದರೆ ಎಚ್‌ಎಂಟಿ ಹೆಸರು ಮಾಡಿದ್ದು ಜನತಾ, ಪೈಲಟ್, ಜವಾನ್, ಕಾಂಚನ್‌ಗಳಿಂದ, ಕಡಲಾಳದ ವಾಚುಗಳಿಂದಲ್ಲ. ಸೈಕಲ್, ರೇಡಿಯೊ ಜೊತೆಗೆ ಅಳಿಯನಿಗೆ ವಾಚು ಕೊಡುವ ಕಾಲವದು. ದಿನಾ ಮುಂಜಾನೆ ಚಾವಿ ಕೊಟ್ಟರಾಯಿತು, ಗಟ್ಟಿ ಸಾಮಾನು. ಈಸು ಬೀಳುವ ಮುನ್ನ ಅದನ್ನು ಬಿಚ್ಚಿ ಬಾವಿ ಕಟ್ಟೆಯ ಮೇಲಿನ ಅಂಗಿಯೊಳಗೆ ಸುತ್ತಿಡುತ್ತಿದ್ದರು.

ಡೈವ್ ವಾಚು ಸಂಗ್ರಹದ ವಸ್ತುವಾದದ್ದು ಅದರ ಕೆಲಸ ಮುಗಿದ ಮೇಲೆ. 1969ರ ಡಿಸೆಂಬರಿನಲ್ಲಿ ಬ್ಯಾಟರಿಯಿಂದ ನಡೆಯುವ ಸೈಕೋದ ಕ್ವಾರ್ಟ್ಜ್ ಆಸ್ಟ್ರಾನ್ ಬಂದು ಚಾವಿ ವಾಚುಗಳ ಬೇರು ಅಲುಗಿತು. ನಮ್ಮಲ್ಲಿ 1984ರಲ್ಲಿ ಹುಟ್ಟಿದ ಟೈಟಾನ್ ಹೊಸೂರಿನಿಂದ ಅದೇ ಗಾಳಿ ಬೀಸಿತು. ಅದೇ ದಶಕದಲ್ಲಿ ಆಳ, ಹೊತ್ತು, ಮೇಲೇರುವ ಲೆಕ್ಕ ಎಲ್ಲವನ್ನೂ ಹೇಳುವ ಡೈವ್ ಕಂಪ್ಯೂಟರುಗಳು ಮುಳುಗುಗಾರರ ಕೈಗೆ ಬಂದವು. ಇಂದು ಮುರುಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಯಲ್ಲಿ ಸ್ಕೂಬಾಗೆ ಇಳಿಯುವವರಿಗೆ ತಿರುಗುವ ಬಳೆಯ ವಾಚು ಅನಿವಾರ್ಯವಲ್ಲ.

ಎಚ್‌ಎಂಟಿ ವಾಚು ವಿಭಾಗ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ನಮ್ಮ ಪೀಳಿಗೆಯ ಹಲವರು ಅಪ್ಪನ ವಾಚು ಹುಡುಕತೊಡಗಿದ್ದು ಈ ಸುದ್ದಿಗಳ ನಡುವೆ. ಎಚ್‌ಎಂಟಿಯಿಂದ ಸೈಕೋಗೆ, ಅಲ್ಲಿಂದ 1970ರ ದಶಕದ ಡೈವ್ ವಾಚುಗಳಿಗೆ ಆಸೆ ಹರಿಯುವುದು ಸಹಜ. ಮೋಸವೂ ಇಲ್ಲಿಂದಲೇ ಶುರು. ಹಳೆಯ ಮಷಿನ್, ಹೊಸದಾಗಿ ಬಣ್ಣ ಬಳಿದ ಡಯಲ್, ಎಲ್ಲಿಂದಲೋ ತಂದ ಮುಳ್ಳು, ಅಂಚು ಕರಗುವಷ್ಟು ಪಾಲಿಶ್ ಮಾಡಿದ ಕೇಸು: ಇಂಥ ಜೋಡಣೆಗೆ ಜಗತ್ತಿನ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದು ಹೆಸರಿಟ್ಟಿದ್ದಾರೆ. ಇದು ನನಗೆ ನೋವಿನ ಮಾತು. ತುಕ್ಕು ಹಿಡಿದ ವಾಚನ್ನು ಮತ್ತೆ ನಡೆಸುವ ನಮ್ಮ ರಿಪೇರಿಯವರ ಜಾಣ್ಮೆ ದೊಡ್ಡದು. ಅಂಥ ಜೋಡಣೆಯನ್ನು ಅಸಲೆಂದು ಸುಳ್ಳು ಹೇಳಿ ಮಾರುವುದು ಬೇರೆಯವರ ದಂಧೆ.

ಅಸಲು ಗುರುತಿಸಲು ಪೇಟೆಯ ರಿಪೇರಿ ಅಂಗಡಿಯ ಮೇಜಿನಷ್ಟು ಒಳ್ಳೆಯ ಪಾಠಶಾಲೆ ಇಲ್ಲ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಮೊದಲು ಅಕ್ಷರ ನೋಡಬೇಕು: ಕಾರ್ಖಾನೆಯ ಅಚ್ಚಿನ ಅಂಚು ಚೂಪು, ಮರುಬಣ್ಣದ ಅಕ್ಷರ ದಪ್ಪಗೆ ಹರಡಿರುತ್ತದೆ, ನಿಮಿಷದ ಗೆರೆಗಳು ಒಂದಕ್ಕೊಂದು ಹೊಂದುವುದಿಲ್ಲ. ಆಮೇಲೆ ಟಾರ್ಚು. ಕತ್ತಲಲ್ಲಿ ಹೊಳೆಯಲೆಂದು ಬಳಿದ ಹಳೆಯ ಟ್ರಿಟಿಯಂ ಚುಕ್ಕೆ ಕೆನೆ ಬಣ್ಣಕ್ಕೆ ತಿರುಗಿರುತ್ತದೆ. ಟ್ರಿಟಿಯಂ 12 ವರ್ಷ ಚಿಲ್ಲರೆಯಲ್ಲಿ ಅರ್ಧವಾಗುವುದರಿಂದ ಬೆಳಕೂ ಸತ್ತಿರುತ್ತದೆ. 50 ವರ್ಷದ ಡಯಲ್ ಕತ್ತಲಲ್ಲಿ ಬಹಳ ಹೊತ್ತು ಹಸಿರಾಗಿ ಉರಿದರೆ ಯಾರೋ ಈಚೆಗೆ ಬಳಿದಿದ್ದಾರೆಂದೇ ಅರ್ಥ. ಇನ್ನೂ ಹಿಂದಿನ ರೇಡಿಯಂ ಡಯಲುಗಳ ವಿಷಯ ಬೇರೆ: ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ, ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಅಂಥ ಡಯಲನ್ನು ಕೆರೆಯಬಾರದು, ಊದಿ ಧೂಳು ಹಾರಿಸಬಾರದು.

ಹಿಂದಿನ ಮುಚ್ಚಳ ತೆಗೆದರೆ ರಬ್ಬರ್ ವಾಷರ್ ಕಲ್ಲಿನಂತೆ ಗಟ್ಟಿಯಾಗಿ, ಸುತ್ತ ಕಂದು ಪುಡಿ ಹಿಡಿದಿರುತ್ತದೆ. ಮುಚ್ಚಳದ ಮೇಲೆ 150 ಅಥವಾ 200 ಮೀಟರ್ ಎಂದು ಕೆತ್ತಿದ್ದರೂ ಆ ಮಾತು ಈಗ ನಡೆಯದು. ಡೈವ್ ವಾಚಿನ ಐಎಸ್‌ಒ 6425 ನಿಯಮ ಬಂದದ್ದು 1982ರಲ್ಲಿ. ಕನಿಷ್ಠ 100 ಮೀಟರ್ ತಾಳಬೇಕು, ಹೇಳಿದ ಆಳಕ್ಕಿಂತ ಕಾಲುಪಾಲು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಯಾಗಬೇಕು. ಅದು ಹೊಸ ವಾಚಿನ ಪರೀಕ್ಷೆ. ಅರ್ಧ ಶತಮಾನದ ವಾಚನ್ನು ಕೈತೊಳೆಯುವ ನೀರಿನಿಂದಲೂ ದೂರ ಇಡುವುದು ಲೇಸು. ಅಸಲು ಚಾವಿ, ಅಸಲು ಮುಳ್ಳು ಬದಲಿಸಬೇಕಾಗಿ ಬಂದರೆ ಹಳೆಯದನ್ನು ಪೊಟ್ಟಣ ಕಟ್ಟಿ ವಾಚಿನ ಜೊತೆಗೇ ಇಡಿಸಿಕೊಳ್ಳಿ.

ಫೇವರ್-ಲೂಬಾ ಹೆಸರನ್ನು 2011ರಲ್ಲಿ ಟಾಟಾ ಬಳಗ ಕೊಂಡಿತ್ತು. 2023ರಲ್ಲಿ ಅದು ಇನ್ನೊಂದು ಭಾರತೀಯ ಕಂಪನಿ ಇಥೋಸ್‌ನ ಬಳಗಕ್ಕೆ ದಾಟಿತು, ಮರುವರ್ಷ ಜಿನೀವಾದಲ್ಲಿ ಡೀಪ್ ಬ್ಲೂ ಹೆಸರಿನ ಹೊಸ ವಾಚುಗಳು ಬಂದವು. ಟ್ರಂಕಿನಲ್ಲಿ ಸೀ ಕಿಂಗ್ ಇರುವವರು ಅದನ್ನು ಪಾಲಿಶ್‌ಗೆ ಕೊಡುವ ಮೊದಲು ಒಮ್ಮೆ ಅದರ ಡಯಲನ್ನು ಭೂತಗನ್ನಡಿಯಡಿ ನೋಡಿಸಲಿ. ಬಣ್ಣ ಮಾಸಿದ್ದರೂ ಅಕ್ಷರ ಚೂಪಾಗಿದ್ದರೆ ಮಷಿನ್ ಮಾತ್ರ ಸರ್ವಿಸ್ ಮಾಡಿಸಿ, ಉಳಿದದ್ದನ್ನು ಮುಟ್ಟಿಸಬೇಡಿ.