ಮಳೆಯ ಲೆಕ್ಕ, ದೇವರ ತಿಥಿ: ಥಾರ್ ಮರುಭೂಮಿಯ ಜಾತ್ರೆಗಳ ಇತಿಹಾಸ

ಮಾರ್ವಾಡ, ಬಿಕಾನೇರ್, ಜೈಸಲ್ಮೇರ್ ಸೀಮೆಗಳಲ್ಲಿ ಒಂದು ಗಾದೆ ಬಳಕೆಯಲ್ಲಿದೆ. ಹಬ್ಬಗಳನ್ನು ಕರೆತರುವವಳು ತೀಜ್, ಮುಳುಗಿಸಿ ಒಯ್ಯುವವಳು ಗಣಗೌರ್ ಎಂಬುದು ಅದರ ತಾತ್ಪರ್ಯ. ತೀಜ್ ಬರುವುದು ಶ್ರಾವಣ ಶುದ್ಧ ತದಿಗೆಗೆ, ಗಣಗೌರ್ ಚೈತ್ರ ಶುದ್ಧ ತದಿಗೆಗೆ. ಯುಗಾದಿಯಿಂದ ವರ್ಷ ಎಣಿಸುವ ನಮಗೆ ಇದು ತಿರುವುಮುರುವಾಗಿ ಕಂಡೀತು: ಚೈತ್ರದಲ್ಲೇ ಹಬ್ಬದ ಸಾಲು ಮುಗಿಯುತ್ತದೆ, ಶ್ರಾವಣದಲ್ಲಿ ಮೊದಲಾಗುತ್ತದೆ. ಆ ನೆಲದ ಮಳೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಲೆಕ್ಕ ಕೂಡುತ್ತದೆ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳುವುದಿಲ್ಲ. ಬೀಳುವಷ್ಟರಲ್ಲಿ ಬಹುಪಾಲು ಜುಲೈನಿಂದ ಸೆಪ್ಟೆಂಬರ್‌ವರೆಗಿನದು.

ಈ ಪ್ರದೇಶದ ಜಾತ್ರೆಗಳ ಚರಿತ್ರೆಯನ್ನು ಹೆಚ್ಚಾಗಿ ಸಂತರ, ವೀರರ ಚರಿತ್ರೆಯಾಗಿ ಬರೆಯಲಾಗಿದೆ. ಅದು ಅಗತ್ಯವೇ. ಆದರೆ ಸಾವಿರಾರು ಜನ, ಅವರ ಹಿಂದೆ ದನ, ಕುದುರೆ, ಒಂಟೆ ಒಂದೆಡೆ ಸೇರಬೇಕಾದರೆ ನೀರು ಬೇಕು, ಮೇವು ಬೇಕು, ಹೊಲದ ಕೆಲಸದಿಂದ ಬಿಡುವು ಬೇಕು. ಈ ಮೂರೂ ಒಟ್ಟಿಗೆ ಸಿಗುವ ದಿನಗಳು ಮರುಭೂಮಿಯಲ್ಲಿ ಬಹಳ ಕಡಿಮೆ. ಜಾತ್ರೆಗಳ ತಿಥಿಗಳು ಈ ದಿನಗಳ ಸುತ್ತಲೇ ಗುಂಪುಗೂಡಿವೆ ಎಂಬುದು ನನ್ನ ವಾದ.

ಮೊದಲು ಪಂಚಾಂಗದ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಅಲ್ಲಿನ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಹೀಗಾಗಿ ಅಲ್ಲಿನ ಭಾದ್ರಪದ ಕೃಷ್ಣ ನವಮಿ ನಮ್ಮ ಶ್ರಾವಣ ಬಹುಳ ನವಮಿ, ಅಂದರೆ ಗೋಕುಲಾಷ್ಟಮಿಯ ಮರುದಿನ. ಹನುಮಾನ್‌ಗಢ ಜಿಲ್ಲೆಯ ಗೋಗಾಮೇಡಿಯಲ್ಲಿ ಜನಪದ ದೈವ ಗೋಗಾಜಿಯ ಮುಖ್ಯ ದಿನ ಅದೇ. ಶುಕ್ಲ ಪಕ್ಷದ ತಿಥಿಗಳಿಗೆ ಈ ಗೊಂದಲವಿಲ್ಲ.

ಗೋಗಾನವಮಿ ಕಳೆದು ಎರಡು ವಾರ ತುಂಬುವ ಮೊದಲೇ ರಾಮದೇವರಾ ಜಾತ್ರೆ ಹಿಡಿಯುತ್ತದೆ. ಭಾದ್ರಪದ ಶುದ್ಧ ದಶಮಿಗೆ ನಾಗೌರ್ ಸೀಮೆಯ ವೀರ ತೇಜಾಜಿಯ ಪೂಜೆ. ಅದೇ ದಶಮಿಯಂದು ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಬಿಷ್ಣೋಯಿ ಪಂಥದವರು ಸೇರಿ, 1730ರಲ್ಲಿ ಬನ್ನಿಮರಗಳನ್ನು ಕಡಿಯದಂತೆ ತಬ್ಬಿಕೊಂಡು ಪ್ರಾಣ ಕೊಟ್ಟ 363 ಮಂದಿಯನ್ನು ನೆನೆಯುತ್ತಾರೆ. ನಾಲ್ಕೂ ಬೇರೆ ಬೇರೆ ಕಾಲದ, ಬೇರೆ ಬೇರೆ ಸಮುದಾಯಗಳ ನೆನಪುಗಳು. ಆದರೂ ಮೂರು ನಾಲ್ಕು ವಾರಗಳೊಳಗೆ ಅಡಕವಾಗಿವೆ. ಆಗ ಸಜ್ಜೆಯ ಕಳೆ ಕಿತ್ತಾಗಿರುತ್ತದೆ, ಕೊಯ್ಲಿಗೆ ಇನ್ನೂ ದಿನವಿರುತ್ತದೆ. ಮಳೆ ಕೈಕೊಡದ ವರ್ಷವಾದರೆ ಕೆರೆಗಳಲ್ಲಿ ನೀರಿರುತ್ತದೆ, ದಾರಿಬದಿಯಲ್ಲಿ ಹುಲ್ಲಿರುತ್ತದೆ. ಬಿಲಗಳಿಗೆ ನೀರು ನುಗ್ಗಿ ಹಾವುಗಳು ಹೊರಬೀಳುವ ಕಾಲವೂ ಇದೇ. ಗೋಗಾಜಿ, ತೇಜಾಜಿ ಇಬ್ಬರೂ ಹಾವು ಕಚ್ಚಿದವರನ್ನು ಕಾಯುವ ದೈವಗಳು ಎಂಬುದನ್ನು ಇಲ್ಲಿ ಮರೆಯಬಾರದು. ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವನ ಭಯಕ್ಕೂ ಹರಕೆಗೂ ಒಂದೇ ಋತು.

ಈ ಗುಂಪಿನಲ್ಲಿ ರಾಮದೇವರಾದ್ದೇ ದೊಡ್ಡ ಜಾತ್ರೆ. ಜೈಸಲ್ಮೇರ್ ಜಿಲ್ಲೆಯ ಪೋಕರಣದ ಹತ್ತಿರವಿರುವ ಈ ಊರಿನ ಹಳೆಯ ಹೆಸರು ರುಣೀಚಾ. ತಂವರ್ ರಜಪೂತ ಕುಲದ ರಾಮದೇವ ಇಲ್ಲಿ ಜೀವಂತ ಸಮಾಧಿಯಾದನೆಂದು ಪ್ರತೀತಿ. ಆತನ ಕಾಲ 14ನೆಯ ಶತಮಾನವೆಂದು ಸಂಪ್ರದಾಯ ಹೇಳುತ್ತದೆ. ಗದ್ದುಗೆಯ ಮೇಲಿನ ದೇವಾಲಯ ಕಟ್ಟಿಸಿದವರು ಬಿಕಾನೇರಿನ ಮಹಾರಾಜ ಗಂಗಾ ಸಿಂಗ್, 1931ರಲ್ಲಿ. ಅರಮನೆಯ ಕಲ್ಲು ಬಂದದ್ದು ತೀರ ಈಚೆಗೆ. ಅದಕ್ಕೂ ಮುಂಚೆ ಶತಮಾನಗಳ ಕಾಲ ಈ ಪಂಥವನ್ನು ಉಳಿಸಿಕೊಂಡು ಬಂದವರು ಮುಖ್ಯವಾಗಿ ಮೇಘವಾಲರು, ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದಿದ್ದ ಜನ. ರಾಮದೇವನ ಗದ್ದುಗೆಯ ಪಕ್ಕದಲ್ಲೇ ಮೇಘವಾಲ ಭಕ್ತೆ ಡಾಲೀಬಾಯಿಯ ಸಮಾಧಿಯಿದೆ. ಅಲ್ಲಿನ ಕಲ್ಲಿನ ಬಳೆಯೊಳಗೆ ಯಾತ್ರಿಕರು ಮೈ ಕುಗ್ಗಿಸಿ ನುಸುಳಿ ಹೊರಬರುತ್ತಾರೆ. ಜಾತಿ ಯಾವುದಾದರೂ ಬಾಗದೆ ದಾಟುವಂತಿಲ್ಲ. ಹರಕೆಯೊಪ್ಪಿಸುವುದು ಬಟ್ಟೆಯಲ್ಲಿ ಹೊಲಿದ ಕುದುರೆ. ಕಾಮಡ ಸಮುದಾಯದ ಹೆಂಗಸರು ಕಾಲಿಗೂ ತೋಳಿಗೂ ತಾಳಗಳನ್ನು ಕಟ್ಟಿಕೊಂಡು, ಕುಳಿತಲ್ಲೇ ಅವನ್ನು ಬಡಿಯುತ್ತ ತೇರಾತಾಲಿ ನೃತ್ಯ ನಡೆಸುತ್ತಾರೆ. ಮುಸ್ಲಿಮರಿಗೆ ಈತ ರಾಮಶಾ ಪೀರ್.

ರಾಮದೇವನ ಪಂಥಕ್ಕೂ ಷಿಯಾ ಮುಸ್ಲಿಮರ ನಿಜಾರಿ ಇಸ್ಮಾಯಿಲಿ ಪರಂಪರೆಗೂ ಹಳೆಯ ನಂಟಿತ್ತೆಂದು ಡೊಮಿನಿಕ್ ಸೀಲಾ ಖಾನ್ 1997ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಇರುಳಿಡೀ ನಡೆಯುವ ಜಮ್ಮಾ ಭಜನೆಯಂಥ ಆಚರಣೆಗಳ ಮಟ್ಟಿಗೆ ಆ ವಾದಕ್ಕೆ ತೂಕವಿದೆ. ಆದರೆ ಪ್ರತಿ ತಿಂಗಳ ಶುದ್ಧ ಬಿದಿಗೆಯೂ ಪವಿತ್ರವಾಗಿರುವ ಪಂಥದಲ್ಲಿ ಭಾದ್ರಪದದ ಬಿದಿಗೆಗೇ ಜನ ಕಿಕ್ಕಿರಿಯುವುದೇಕೆಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಐದು ಬಣ್ಣದ ಧ್ವಜ ಹೊತ್ತು ನೂರಾರು ಮೈಲಿ ನಡೆದು ಬರುವವನಿಗೆ ದಾರಿಯಲ್ಲಿ ಕುಡಿಯುವ ನೀರು ಸಿಗುವ ಬಿದಿಗೆ ಅದೊಂದೇ ಎಂಬುದು ನನಗೆ ತೋರುವ ಉತ್ತರ.

ಈ ವಾದಕ್ಕೆ ಎದುರಾಗಿ ನಿಲ್ಲುವಂತೆ ಕಾಣುವುದು ತಿಲವಾಡಾ ಜಾತ್ರೆ. ಬಾಲೋತ್ರಾ ಬಳಿ ಲೂಣಿ ನದಿಯ ಪಾತ್ರದಲ್ಲಿ ಸೇರುವ ಈ ದನದ ಜಾತ್ರೆ ನಮ್ಮ ಲೆಕ್ಕದ ಫಾಲ್ಗುಣ ಬಹುಳ ಏಕಾದಶಿಯಿಂದ ಚೈತ್ರ ಶುದ್ಧ ಏಕಾದಶಿಯವರೆಗೆ, ಯುಗಾದಿಯನ್ನು ನಡುವೆ ಇಟ್ಟುಕೊಂಡು ನಡೆಯುತ್ತದೆ. ಬಿಸಿಲೇರುವ ಕಾಲ, ನದಿ ಒಣಗಿರುತ್ತದೆ. ಆದರೆ ಒಣಗಿದ ಪಾತ್ರವೇ ಇಲ್ಲಿ ಸಂತೆಮಾಳ. ಮರಳಿನಲ್ಲಿ ಬೇರಿ ಎಂಬ ಚಿಕ್ಕ ಬಾವಿ ತೋಡಿದರೆ ಒರತೆ ಸಿಗುತ್ತದೆ. ಜಾತ್ರೆ ಯಾರ ಹೆಸರಿನಲ್ಲಿ ನಡೆಯುತ್ತದೋ ಆ ರಾವಲ್ ಮಲ್ಲಿನಾಥ ಈ ಸೀಮೆಯ 14ನೆಯ ಶತಮಾನದ ರಾಠೋಡ ಅರಸ. ಮಾಲಾಣಿ ಎಂಬ ನಾಡಿನ ಹೆಸರೂ ಅವನಿಂದಲೇ ಬಂದದ್ದು. ಮಾಲಾಣಿ ಕುದುರೆ, ಥಾರ್‌ಪಾರ್ಕರ್ ಹಸು, ಕಾಂಕ್ರೇಜ್ ಎತ್ತು ಇಲ್ಲಿ ಕೈಬದಲಾಗುತ್ತಿದ್ದವು. ಮೇವು ಮುಗಿಯುವ ಮುಂಚೆ ಮಾರುವವನಿಗೆ ಅವಸರ, ಮುಂದಿನ ಉಳುಮೆಗೆ ಎತ್ತು ಬೇಕಾದವನಿಗೂ ಅವಸರ. ಬೇಸಿಗೆಯ ಹೊಸ್ತಿಲಲ್ಲಿ ಈ ಇಬ್ಬರೂ ಎದುರುಬದುರಾಗುವ ಕಡೆಯ ಅವಕಾಶ ಅದು. ಇದೂ ನೀರಿನ ಲೆಕ್ಕವೇ, ತಿರುವಿ ಹಾಕಿದ್ದು.

ಚೈತ್ರದ ಅದೇ ಶುದ್ಧ ಪಕ್ಷದಲ್ಲಿ ಹೆಂಗಸರ ಹಬ್ಬ ಗಣಗೌರ್. ಹೋಳಿಯ ಬೂದಿ ತಂದು, ಜವೆಗೋಧಿಯ ಮೊಳಕೆ ಬೆಳೆಸಿ, ಗೌರಿಯನ್ನೂ ಈಸರನೆಂಬ ಶಿವನನ್ನೂ ಪೂಜಿಸಿ ಕೊನೆಯ ದಿನ ನೀರಿಗೆ ಬಿಡಬೇಕು. ನದಿಯಿಲ್ಲದ ಊರಲ್ಲಿ ಎಲ್ಲಿ ಬಿಡುವುದು? ಬಿಕಾನೇರಿನಲ್ಲಿ ಅರಮನೆಯ ಗವರೆಯನ್ನು, ಅಂದರೆ ಗೌರಿಯ ಮೂರ್ತಿಯನ್ನು, ಜುನಾಗಢ ಕೋಟೆಯಿಂದ ಚೌತೀನಾ ಬಾವಿಗೆ ಮೆರವಣಿಗೆಯಲ್ಲಿ ಒಯ್ದು ನೀರು ಕುಡಿಸುತ್ತಾರೆ. ಮುಳುಗಿಸುವ ವಿಧಿ ಗುಟುಕು ನೀರಿನ ಉಪಚಾರವಾಗಿ ಮಾರ್ಪಟ್ಟಿದೆ. ಜೈಸಲ್ಮೇರಿನ ಗವರೆ ಮಾತ್ರ ಒಂಟಿ. ಬಿಕಾನೇರಿನವರು ಈಸರನ ಮೂರ್ತಿಯನ್ನು ಎತ್ತಿಕೊಂಡು ಹೋದರೆಂಬ ಐತಿಹ್ಯ ಅಲ್ಲಿ ಇಂದಿಗೂ ಜೀವಂತ. ಇದಾದ ಮೇಲೆ ಬರುವ ಅಕ್ಷಯ ತದಿಗೆ ಅಲ್ಲಿನ ರೈತನಿಗೆ ಮುಂದಿನ ಮಳೆಯ ಶಕುನ ನೋಡುವ ದಿನ.

ಕೊಯ್ಲು ಮುಗಿದ ಕಾರ್ತಿಕದ ಕೋಲಾಯತ್, ಪುಷ್ಕರ ಜಾತ್ರೆಗಳ ಬಗ್ಗೆ ಸಾಕಷ್ಟು ಬರೆದಾಗಿದೆ. ಮರುಭೂಮಿಯ ಅಂಚಿನ ಪುಷ್ಕರದ ಒಂಟೆ ಸಂತೆಗೆ ಬಂದ ಸ್ಥಿತಿಯನ್ನು ಮಾತ್ರ ಹೇಳಬೇಕು. 2012ರ ಜಾನುವಾರು ಗಣತಿಯಲ್ಲಿ ರಾಜಸ್ಥಾನದ ಒಂಟೆಗಳು ಸುಮಾರು 3.26 ಲಕ್ಷ, 2019ರಲ್ಲಿ ಸುಮಾರು 2.13 ಲಕ್ಷ. ಟ್ರ್ಯಾಕ್ಟರು, ಲಾರಿ, ಕುಗ್ಗಿದ ಗೋಮಾಳ ಮೊದಲೇ ಪೆಟ್ಟು ಕೊಟ್ಟಿದ್ದವು. ಒಂಟೆಯನ್ನು ಅನುಮತಿಯಿಲ್ಲದೆ ಹೊರರಾಜ್ಯಕ್ಕೆ ಸಾಗಿಸದಂತೆ ತಡೆದ 2015ರ ಕಾಯ್ದೆ ಕೊಳ್ಳುವವರನ್ನೂ ದೂರವಿಟ್ಟಿತು. ಕಾಪಾಡಲು ಬಂದ ಕಾಯ್ದೆ ಸಾಕುವವನ ಕೈ ಕಟ್ಟಿಹಾಕಿತೆಂದು ಪಶುಪಾಲಕರು ಹೇಳುವುದು ನ್ಯಾಯವಾಗಿದೆ. ರಾಮದೇವರಾಕ್ಕೆ ರೈಲು, ಬಸ್ಸು, ನಲ್ಲಿ ನೀರು ಬಂದು ಜನ ಹೆಚ್ಚಿದರೆ, ಪ್ರಾಣಿಗಳನ್ನು ನಂಬಿದ ಜಾತ್ರೆಗಳು ಸೊರಗಿವೆ.

ಈ ವಾದವನ್ನು ಒರೆಗೆ ಹಚ್ಚಲು ಒಳ್ಳೆಯ ಆಕರವೊಂದಿದೆ. ಜೋಧಪುರದ ಜಸವಂತ ಸಿಂಗನ ದಿವಾನನಾಗಿದ್ದ ಮುಹಣೋತ್ ನೈಣಸಿ 17ನೆಯ ಶತಮಾನದಲ್ಲಿ ಸಿದ್ಧಪಡಿಸಿದ ‘ಮಾರವಾಡ ರಾ ಪರಗನಾ ರೀ ವಿಗತ್’ ಊರೂರಿನ ಬೆಳೆ, ಜಾತಿ, ಕಂದಾಯಗಳ ಜೊತೆಗೆ ಬಾವಿ ಕೆರೆಗಳನ್ನೂ ದಾಖಲಿಸುತ್ತದೆ. ಕಂದಾಯದ ಚರಿತ್ರೆಕಾರರು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಅದರ ನೀರಿನ ನಮೂದುಗಳನ್ನು ಪರಗಣೆವಾರು ತೆಗೆದು, ಜಾತ್ರೆ ನಡೆಯುವ ಊರುಗಳ ತಿಥಿಗಳ ಎದುರಿಗಿಟ್ಟು ನೋಡುವ ಕೆಲಸ ಮೊದಲು ಆಗಬೇಕು. ತಿಲವಾಡಾ ಇರುವ ಲೂಣಿ ದಂಡೆಯ ಹಳ್ಳಿಗಳಿಂದ ಅದನ್ನು ಆರಂಭಿಸಬಹುದು.